ಮೊಮ್ಮಗಳ ಮಿಷಿನ್ನಿಗೆ ನಾನು ಸುರಿದ ಮಂದ ಎಣ್ಣೆ

ನನ್ನ ಮೊಮ್ಮಗಳು ಚೈನ್ ಮಿಷಿನ್ ಓಡಿಸುತ್ತಾಳೆ. ಟೈರಿನ ಬದಲು ಕಬ್ಬಿಣದ ಪಟ್ಟಿಯ ಮೇಲೆ ತೆವಳಿಕೊಂಡು ಹೋಗಿ, ಉದ್ದನೆಯ ತೋಳು ಚಾಚಿ ಮಣ್ಣು ಅಗೆಯುತ್ತದಲ್ಲ, ಆ ಮಿಷಿನ್ನು. ಈ ಮಾತನ್ನು ನಾನು ಮಾಗಡಿ ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ಹೇಳಿದ್ದೇನೆ, ಟಿಕೆಟ್ ಹರಿಯುತ್ತಿದ್ದ ಕಂಡಕ್ಟರಿಗೆ ಹೇಳಿದ್ದೇನೆ, ಆಸ್ಪತ್ರೆಯಲ್ಲಿ ನನ್ನ ಕಣ್ಣಿಗೆ ಹನಿ ಬಿಡುತ್ತಿದ್ದ ನರ್ಸಮ್ಮನಿಗೂ ಹೇಳಿದ್ದೇನೆ. "ತಾತ, ಕಣ್ಣು ಮುಚ್ಕೊಂಡು ಹೇಳಿ, ಔಷ್ದಿ ಎಲ್ಲಾ ಆಚೆಗೆ ಬತ್ತೈತೆ" ಅಂದಳು ಆಕೆ. ಮುಚ್ಚಿಕೊಂಡೇ ಹೇಳಿದೆ. ಮೊನ್ನೆ ದೊಡ್ಡಆಲಹಳ್ಳಿಯಿಂದ ಯಾರೋ ನನ್ನ ಮಗನಿಗೆ ಫೋನ್ ಮಾಡಿ, "ಮಿಷಿನ್ ಯಾವ್ದಾದ್ರೂ ಆಗ್ಲಿ, ಓಡ್ಸಾಕೆ ಆ ಹುಡ್ಗಿನೇ ಕಳ್ಸಿ" ಅಂದರಂತೆ. ಅವತ್ತು ನಾನು ಎರಡು ಸಲ ಊಟ ಮಾಡಿದೆ. ಮೊದಲನೆಯ ಊಟ ಮಾಡಿದ್ದು ಸಂತೋಷದಲ್ಲಿ ಮರೆತೇಹೋಗಿತ್ತು.

ಆದರೆ ಇಷ್ಟೆಲ್ಲ ಹೇಳಿಕೊಂಡು ತಿರುಗುವ ನಾನೇ ಎರಡು ವರ್ಷದ ಹಿಂದೆ ಅವಳನ್ನು ಆ ಸೀಟಿನಿಂದ ಇಳಿಸಿಬಿಡುತ್ತಿದ್ದೆ. ಊರವರಲ್ಲ, ಅವಳ ಅಪ್ಪನಲ್ಲ, ನಾನು. ಅದನ್ನು ಬಸ್ಸಿನಲ್ಲಿ ಯಾರಿಗೂ ಹೇಳಿಲ್ಲ. ಹೇಳುವುದಕ್ಕೆ ಬಾಯಿ ಬರುವುದಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಅಕ್ಷರ ಸೊಟ್ಟ. ಆದರೂ ಬರೆಯುತ್ತಿದ್ದೇನೆ.

ಶಾಲೆ ಬಿಟ್ಟವನನ್ನು ನಮ್ಮಪ್ಪ ರಾಮನಗರದ ಒಬ್ಬ ಸಾಹೇಬರ ರೇಷ್ಮೆ ಘಟಕಕ್ಕೆ ಸೇರಿಸಿದ. ಕುದಿಯುವ ನೀರಿನ ಬೇಸಿನ್ನಿನಲ್ಲಿ ಗೂಡುಗಳು ತೇಲುತ್ತಿರುತ್ತವೆ. ಅದರಲ್ಲಿ ಬೆರಳಾಡಿಸಿ ಗೂಡಿನ ಎಳೆಯ ತುದಿ ಹುಡುಕಬೇಕು, ಎಳೆದು ಚರಕಕ್ಕೆ ಕೊಡಬೇಕು. ಗೂಡು ಬೆಂದಿದೆಯೋ ಇಲ್ಲವೋ, ನೂಲು ಸಣ್ಣದಾಯಿತೋ ದಪ್ಪವಾಯಿತೋ, ಎಲ್ಲಕ್ಕೂ ಬೆರಳೇ ಲೆಕ್ಕ. ನನ್ನ ಬೆರಳುಗಳ ತುದಿ ಬಿಳಿಚಿ, ಸುಕ್ಕುಗಟ್ಟಿ, ಮುಪ್ಪಿಗೆ ಮುಂಚೆಯೇ ಮುದಿಯಾದವು. ಆದರೆ ಒಂದು ನೂಲಿಗೂ ಇನ್ನೊಂದು ನೂಲಿಗೂ ಕೂದಲೆಳೆ ವ್ಯತ್ಯಾಸ ಇದ್ದರೂ ನಾನು ಕಣ್ಣುಮುಚ್ಚಿ ಹೇಳುತ್ತಿದ್ದೆ.

ಮದುವೆಯಾದ ಮೇಲೆ ಕನಕಪುರದ ಕಡೆ ಕಲ್ಲು ಕ್ವಾರಿಗೆ ಹೋದೆ. ಮಿಷಿನ್ನಿಗೆ ಗ್ರೀಸು ಹಚ್ಚುವುದು, ಎಣ್ಣೆ ಹಾಕುವುದು ನನ್ನ ಕೆಲಸ. ಮಿಷಿನ್ನಿನ ತೋಳು, ನಾವು ಬೂಮು ಅನ್ನುವುದು, ಏಳುವುದೂ ಇಳಿಯುವುದೂ ಎಣ್ಣೆಯ ಬಲದಿಂದ. ಪಂಪು ಎಣ್ಣೆಯನ್ನು ಪೈಪಿನಲ್ಲಿ ತಳ್ಳುತ್ತದೆ, ಆ ಒತ್ತಡ ತೋಳನ್ನು ಎತ್ತುತ್ತದೆ. ಅದಕ್ಕೆ ಹೈಡ್ರಾಲಿಕ್ ಎಣ್ಣೆ ಅನ್ನುತ್ತಾರೆ. ಹೊಸದರಲ್ಲಿ ಅಲ್ಲಿನ ಮೇಸ್ತ್ರಿ ನನ್ನ ಮುಂದೆ ಎರಡು ಡಬ್ಬ ಇಟ್ಟು, ಯಾವುದು ಮಂದ ಹೇಳು ಅಂದ. ನಾನು ಹೆಬ್ಬೆರಳು ತೋರುಬೆರಳಿನ ನಡುವೆ ಒಂದೊಂದು ಹನಿ ಹಿಡಿದು, ಗೂಡಿನಿಂದ ನೂಲು ತೆಗೆಯುವ ಹಾಗೆ ಮೆಲ್ಲಗೆ ಎಳೆದೆ. ಒಂದರಲ್ಲಿ ಎಳೆ ಬಂತು, ಇನ್ನೊಂದು ತುಂಡಾಯಿತು. ಎಳೆ ಬಂದದ್ದನ್ನು ತೋರಿಸಿದೆ. "ಲೇ, ಇವ್ನು ರೇಷ್ಮೆ ಕೈಯೋನು ಕಣ್ರಲಾ!" ಅಂದ ಮೇಸ್ತ್ರಿ. ಅವತ್ತಿನಿಂದ ಕ್ವಾರಿಗೆ ಯಾವ ಎಣ್ಣೆ ಬಂದರೂ ಮೊದಲು ನನ್ನ ಬೆರಳಿಗೆ. ಎಳೆ ಬಂದರೆ ಒಳ್ಳೆಯ ಎಣ್ಣೆ, ಬರದಿದ್ದರೆ ನೀರು. ಸುತ್ತಮುತ್ತ ನಾಲ್ಕಾರು ಕ್ವಾರಿಯವರು ಹೀಗೇ ನೋಡುವುದನ್ನು ನನ್ನಿಂದ ಕಲಿತರು. ನಮ್ಮಲ್ಲಿ ಅರ್ಧ ಜನ ರೇಷ್ಮೆ ಘಟಕದಿಂದಲೇ ಬಂದವರು, ಎಲ್ಲರ ಬೆರಳಿಗೂ ಎಳೆಯ ಭಾಷೆ ಬರುತ್ತಿತ್ತು.

ಒಂದು ಬೇಸಿಗೆ ಮಧ್ಯಾಹ್ನ, ಕಲ್ಲು ಕಾದು ಚಪ್ಪಲಿ ಸುಡುವ ಹೊತ್ತಿನಲ್ಲಿ, ಮಿಷಿನ್ ನಿಲ್ಲಿಸಿ ಎಲ್ಲರೂ ಬುತ್ತಿ ಬಿಚ್ಚಿದೆವು. ಆಪರೇಟರು ತೋಳನ್ನು ಎತ್ತಿದ ಹಾಗೇ ಬಿಟ್ಟು ಇಳಿದಿದ್ದ. ಅದರ ನೆರಳಿನಲ್ಲಿ ಒಬ್ಬ ಕಾಲು ಚಾಚಿ ಮುದ್ದೆ ತಿನ್ನುತ್ತಿದ್ದ. ತೋಳು ಇಳಿಯುತ್ತಾ ಬಂತು. ಯಾರೂ ಲಿವರ್ ಮುಟ್ಟಿರಲಿಲ್ಲ. ಸದ್ದಿಲ್ಲ, ಜರುಗಿದ್ದು ಕಣ್ಣಿಗೆ ಕಾಣಲೂ ಇಲ್ಲ. ಅವನು ಕೂಗಿಕೊಂಡಾಗಲೇ ನಾವು ನೋಡಿದ್ದು. ಪಾದ ಹೋಯಿತು. ಮೇಸ್ತ್ರಿ ಎಣ್ಣೆಗೆ ಬೆರಳದ್ದಿ, "ನೀರಾಗೋಗೈತೆ" ಅಂದ. ಆ ಎಣ್ಣೆ ಹಾಕಿದವನು ನಾನಲ್ಲ. ಆದರೂ ಅಂದಿನಿಂದ ತೆಳು ಎಣ್ಣೆ ಕಂಡರೆ ನಾನು ಡಬ್ಬ ಮುಚ್ಚಿ ವಾಪಸ್ ಕಳಿಸುತ್ತಿದ್ದೆ.

ಈಗ ಮೊಮ್ಮಗಳ ವಿಷಯಕ್ಕೆ ಬರುತ್ತೇನೆ. ನನ್ನ ಮಗ ಇಪ್ಪತ್ತು ವರ್ಷ ಮಿಷಿನ್ ಓಡಿಸಿ, ಕೊನೆಗೆ ಒಂದು ಹಳೆಯ ಮಿಷಿನ್ ಸ್ವಂತಕ್ಕೆ ತಂದ. ತಂದ ಮೇಲೆ ಸೊಂಟ ಬಿತ್ತು. ಡಾಕ್ಟರು ಇನ್ನು ಆ ಸೀಟಿನ ಮೇಲೆ ಕೂರಲೇಬಾರದು ಅಂದರು. ಬಂದ ಆಪರೇಟರುಗಳು ಯಾರೂ ನಿಲ್ಲಲಿಲ್ಲ. ಅವನ ಮಗಳು ರಾಮನಗರದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಮನೆಯಲ್ಲಿದ್ದಳು. ಸಂಜೆ ಹೊತ್ತು ಅಪ್ಪ ಹಿತ್ತಲ ಕಟ್ಟೆಯ ಮೇಲೆ ಕೂತು ಹೇಳುವುದು, ಇವಳು ಮಿಷಿನ್ನಿನಲ್ಲಿ ಕೂತು ಮಾಡುವುದು. ನಮ್ಮ ಹಿಂದಿನ ಬೀಳು ನೆಲದಲ್ಲಿ ಒಂದೇ ಗುಡ್ಡೆ ಮಣ್ಣನ್ನು ಮೂರು ತಿಂಗಳು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಹಾಕಿದಳು. "ಆ ಮಣ್ಗೂ ಬೇಜಾರಾಗಿರ್ಬೇಕು ಕಣವ್ವ, ಒಸಿ ಬುಡು ಅದ್ನ" ಅನ್ನುತ್ತಿದ್ದಳು ನನ್ನ ಹೆಂಡತಿ. ಕೊನೆಕೊನೆಗೆ ಇವಳು ಬಕೆಟ್ಟಿನ ಹಲ್ಲಿನಿಂದ ನೆಲದ ಮೇಲೆ ಬಿದ್ದ ತೆಂಗಿನ ಗರಿಯನ್ನು ಮುರಿಯದೆ ಎತ್ತಿ ಪಕ್ಕಕ್ಕಿಡುತ್ತಿದ್ದಳು. ನಾನು ನೋಡಿ ಚಪ್ಪಾಳೆ ತಟ್ಟುತ್ತಿದ್ದೆ, ಎದೆ ತುಂಬಿ ಬರುತ್ತಿತ್ತು.

ಮಾಗಡಿ ಕಡೆ ಒಬ್ಬರ ತೋಟದಲ್ಲಿ ಕೃಷಿ ಹೊಂಡ ತೋಡುವ ಕೆಲಸ ಬಂತು. ಮಗ ಮಗಳನ್ನು ಕೂರಿಸಿಕೊಂಡು ಹೇಳಿದ, "ಇದೊಂದು ಹೊಂಡ ನೀನು ತೋಡು. ಸರಿಯಾಗಿ ಮಾಡಿದ್ರೆ ಸೀಟು ನಿಂದು, ನಾನು ಬೇರೆಯವ್ರ ಕರೆಯಾಕಿಲ್ಲ. ಕೆಡ್ಸಿದ್ರೆ ಬಿಡದಿಯಿಂದ ಆಪರೇಟರ್ನ ಕರ್ಕೊಂಬತ್ತೀನಿ. ಆಮೇಲೆ ಅಳಂಗಿಲ್ಲ."

"ಅಳಾಕಿಲ್ಲ" ಅಂದಳು ಅವಳು.

ಕೆಲಸಕ್ಕೆ ಮುಂಚೆ ಎಣ್ಣೆ ಬದಲಾಯಿಸಬೇಕಿತ್ತು. ಎಣ್ಣೆ ಅಂದರೆ ನಮ್ಮ ಮನೆಯಲ್ಲಿ ನಾನು. ಅದರಲ್ಲಿ ಎರಡನೇ ಮಾತಿಲ್ಲ. ಅವಳು ಮಿಷಿನ್ನಿನ ಬಾಗಿಲು ತೆರೆದು, ಒಳಗೆ ಬಡಿದಿದ್ದ ತಗಡಿನ ಮೇಲಿನ ಅಂಕಿಗಳನ್ನು ಬೆರಳಿಟ್ಟು ಓದಿದಳು.

"ತಾತ, ನಲವತ್ತಾರು ಅಂತ ಡಬ್ಬದ ಮೇಲೆ ಬರ್ದಿರ್ತದೆ. ಅದ್ನೇ ತಗೊಂಡ್ಬಾ. ಅಂಕಿ ಜಾಸ್ತಿ ಆದಷ್ಟೂ ಎಣ್ಣೆ ಮಂದ. ಬಿರುಬೇಸಿಗೆಗೆ ಅರವತ್ತೆಂಟು ಹಾಕ್ಬೋದು, ಈ ಧನುರ್ಮಾಸದ ಚಳಿಗೆ ಬ್ಯಾಡ. ಬೆಳಿಗ್ಗೆ ಎಣ್ಣೆ ತಣ್ಣಗಾಗಿ ಇನ್ನೂ ಮಂದ ಆಯ್ತದೆ, ಪಂಪಿಗೆ ಎಳ್ಕೊಳಾಕೆ ಆಗಾಕಿಲ್ಲ."

"ಆಯ್ತು ಕಣವ್ವ" ಅಂದೆ.

ರಾಮನಗರದ ಎಣ್ಣೆ ಅಂಗಡಿಯಲ್ಲಿ ಡಬ್ಬ ತೆರೆಸಿದೆ. ನಲವತ್ತಾರನ್ನು ಬೆರಳಿಗೆ ಹಚ್ಚಿ ಎಳೆದೆ. ಎಳೆ ಬರಲಿಲ್ಲ. ಅರವತ್ತೆಂಟು ತೆರೆಸಿದೆ. ಬಂದ ಹಾಗೆ ಬಂದು ತುಂಡಾಯಿತು. ಮೂಲೆಯಲ್ಲಿ ನೂರು ಅಂತ ಬರೆದ ಡಬ್ಬಗಳಿದ್ದವು. ಅದನ್ನು ಎಳೆದಾಗ ಎರಡು ಬೆರಳ ನಡುವೆ ಉದ್ದಕ್ಕೆ, ಹೊನ್ನಿನ ಬಣ್ಣದ ಎಳೆ ಬಂತು. ನನ್ನ ಕಣ್ಣಮುಂದೆ ನನ್ನ ಕೂಸು ಮಿಷಿನ್ನಿನಿಂದ ಇಳಿದು ಅದರ ತೋಳಿನ ಕೆಳಗೆ ನಡೆದುಹೋದ ಹಾಗೆ ಕಂಡಿತು.

"ಇದ್ನೇ ಕೊಡು" ಅಂದೆ.

"ತಾತ, ಮಿಷಿನ್ ಮೇಲೆ ಏನು ಬರ್ದವ್ರೆ? ಇದು ಭಾರಿ ಮಂದ ಆಯ್ತದೆ" ಅಂದ ಅಂಗಡಿಯವನು.

"ಬರ್ದೋರಿಗೆ ನನ್ ಮೊಮ್ಮಗಳು ಗೊತ್ತೇನಪ್ಪ?" ಅಂದೆ. ಅವನು ತಲೆ ಕೆರೆದುಕೊಂಡು ಕೊಟ್ಟ.

ಗೂಡ್ಸ್ ಆಟೋದಲ್ಲಿ ಡಬ್ಬಗಳನ್ನು ತಂದೆ. ಅವಳು ಮತ್ತು ಅವಳ ಅಪ್ಪ ತೋಟದ ಜಾಗ ನೋಡಿಕೊಂಡು ಬರಲು ಹೋಗಿದ್ದರು. ಹಳೆಯ ಎಣ್ಣೆ ಇಳಿಸಿ, ಟ್ಯಾಂಕು ಒರೆಸಿ, ಹೊಸದನ್ನು ಸುರಿದೆ. ಖಾಲಿ ಡಬ್ಬಗಳನ್ನು ಅದೇ ಆಟೋದಲ್ಲಿ ಅಂಗಡಿಗೆ ಕಳಿಸಿಬಿಟ್ಟೆ. ಯಾಕೆ ಕಳಿಸಿದೆ? ಅವಳು ಅಂಕಿ ನೋಡಬಾರದು ಅಂತ ತಾನೇ. ಸಂಜೆ ಬಂದು, "ನಲವತ್ತಾರೇ ತಾನೆ ತಾತ?" ಅಂದಳು. "ಹೂಂ, ನೀ ಹೇಳಿದ್ದೇ" ಅಂದೆ. ಅವಳು ಓದಿದವಳು, ನಾನು ಕಂಡವನು, ಕಂಡದ್ದೇ ದೊಡ್ಡದು ಅನ್ನುವ ಜಂಬ ನನಗೆ. ಸುಳ್ಳು ಹೇಳಿದೆ ಅಂತ ಅವತ್ತು ಅನ್ನಿಸಲೂ ಇಲ್ಲ. ಮಗುವಿಗೆ ಕಹಿ ಔಷಧಿಯನ್ನು ಬೆಲ್ಲದಲ್ಲಿ ಸುತ್ತಿ ಕೊಟ್ಟ ಹಾಗೆ ಅಂದುಕೊಂಡು ನೆಮ್ಮದಿಯಾಗಿ ಮಲಗಿದೆ.

ಮೊದಲ ದಿನ ಬೆಳಿಗ್ಗೆ ಮಿಷಿನ್ನಿಗೆ ಕುಂಕುಮ ಇಟ್ಟು, ಪಟ್ಟಿಯ ಕೆಳಗೆ ನಿಂಬೆಹಣ್ಣು ಇಟ್ಟೆವು. ಹೊಲದ ಮೇಲೆಲ್ಲ ಇಬ್ಬನಿ. ಅವಳು ಅಪ್ಪನ ಹಳೆಯ ಜಾಕೆಟ್ ತೊಟ್ಟು, ಜಡೆಯನ್ನು ಒಳಗೆ ಸೇರಿಸಿ ಹತ್ತಿ ಕೂತಳು. ತೋಟದ ಯಜಮಾನರು ತಲೆಗೆ ಟವೆಲ್ ಸುತ್ತಿ, ಕೈ ಕಟ್ಟಿ ನಿಂತಿದ್ದರು. ನನ್ನ ವಯಸ್ಸಿನವರೇ. ಬಾಯಿ ಜೋರು, ಮನಸ್ಸು ಕೆಟ್ಟದ್ದಲ್ಲ. ಸ್ಟಾರ್ಟ್ ಆಯಿತು. ಆಗಿದ್ದೇ ತಡ, ಪಂಪು ಒಳಗಿಂದ ಕಿರುಚತೊಡಗಿತು. ಈಯಲಾರದ ಹಸು ನರಳಿದ ಹಾಗೆ. ಅವಳು ಲಿವರ್ ಎಳೆದಳು. ತೋಳು ಏಳಲಿಲ್ಲ. ಇನ್ನೂ ಎಳೆದಳು. ಒಂದು ಉಸಿರು ಬಿಟ್ಟು ತೆಗೆಯುವಷ್ಟು ಹೊತ್ತು ಕಳೆದು, ಆಮೇಲೆ ತಟಕ್ಕನೆ ಎದ್ದು ಮಿಷಿನ್ನೇ ಅಲುಗಿತು.

"ಏನಮ್ಮಣ್ಣಿ, ನಿನ್ ಮಿಷಿನ್ನು ಕಾಫಿ ಕುಡ್ದಿಲ್ವಾ ಇನ್ನೂ?" ಅಂದರು ಯಜಮಾನರು.

ಬಿಸಿಲು ಏರಿದ ಮೇಲೆ ಸ್ವಲ್ಪ ಸರಿಹೋಯಿತು. ಎರಡನೇ ದಿನ ಬೆಳಿಗ್ಗೆ ಮತ್ತೆ ಅದೇ ನರಳಾಟ. ದಾರಿಯಲ್ಲಿ ಹೋಗುವವರು ಬೈಕ್ ನಿಲ್ಲಿಸಿ ನೋಡಿ ನಗುತ್ತಿದ್ದರು. "ಹೆಣ್ಣೈಕ್ಳು ಕೈಲಿ ಕೊಟ್ರೆ ಮಿಷಿನ್ನೂ ನಾಚ್ಕೊತದೆ ಕಣ್ಲಾ" ಅಂದ ಒಬ್ಬ. ನನ್ನ ಮಗ ಅವನ ಕಡೆ ನೋಡಲಿಲ್ಲ, ನೆಲ ನೋಡಿದ. ಅವಳಿಗೆ ಕೇಳಿಸಿತ್ತು. ಮಧ್ಯಾಹ್ನ ಊಟಕ್ಕೆ ಇಳಿಯಲಿಲ್ಲ. ಫಿಲ್ಟರ್ ಬಿಚ್ಚಿ ನೋಡಿದಳು, ಪೈಪುಗಳನ್ನು ತಡವಿ ನೋಡಿದಳು, ಕಿವಿಯಿಟ್ಟು ಪಂಪಿನ ಸದ್ದು ಕೇಳಿದಳು. ನಾನು ಬದುವಿನ ಮೇಲೆ ಕೂತು ನೋಡುತ್ತಿದ್ದೆ. ಆಗ ನನಗೆ ಗೊತ್ತಾಯಿತು. ಗೊತ್ತಾಗಿಯೂ, ಇನ್ನೆರಡು ದಿನ ಹೋದರೆ ಎಣ್ಣೆ ಹೊಂದಿಕೊಳ್ಳುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಎಣ್ಣೆ ಏನು ಸೊಸೆಯೇ, ಹೊಂದಿಕೊಳ್ಳುವುದಕ್ಕೆ?

ಮೂರನೇ ದಿನ ಬೆಳಿಗ್ಗೆ ಹೊಂಡದ ಅಂಚು ಕೆತ್ತುತ್ತಿದ್ದಳು. ಅಂಚಿನಿಂದ ಒಂದು ಮಾರು ಆಚೆಗೆ ಬೋರಿನ ಪೈಪು ಹೋಗಿತ್ತು. ಅದಕ್ಕೆ ಕೆಂಪು ಬಟ್ಟೆ ಕಟ್ಟಿ ಗುರುತು ಮಾಡಿದ್ದರು. ಅವಳು ಬಕೆಟ್ಟನ್ನು ಒಳಕ್ಕೆ ಎಳೆದುಕೊಳ್ಳಲು ಲಿವರ್ ಹಿಡಿದಳು. ಬರಲಿಲ್ಲ. ಬರಲಿಲ್ಲವಲ್ಲ ಅಂತ ಇನ್ನಷ್ಟು ಹಿಡಿದಳು. ಆಮೇಲೆ ತೋಳು ಒಮ್ಮೆಗೇ ಜಗ್ಗಿ, ಪಕ್ಕಕ್ಕೆ ತೂಗಿ, ಬಕೆಟ್ಟು ಹೋಗಿ ಪೈಪಿಗೆ ಬಡಿಯಿತು. ನೀರು ಆಳೆತ್ತರಕ್ಕೆ ಚಿಮ್ಮಿತು. ತೋಡಿದ ಅಂಚು ಕರಗಿ ಹೊಂಡದೊಳಕ್ಕೆ ಕುಸಿಯತೊಡಗಿತು.

"ನಿಲ್ಸು! ನಿಲ್ಸು ಅಂದೆ!" ಯಜಮಾನರು ಓಡಿಬಂದರು. "ನನ್ ತೋಟದಲ್ಲಿ ಕಲಿಯಾಕೆ ಬಂದಿದ್ದೀಯಾ ನೀನು? ಪೈಪು ಕಾಣಾಕಿಲ್ವಾ?"

ಅವಳು ಮಿಷಿನ್ ಆರಿಸಿ ಇಳಿದಳು. ಅವಳ ಮುಖ ನೋಡಲಾಗಲಿಲ್ಲ. ಬರಿಗಾಲಲ್ಲಿ ಆ ಕೆಸರಿಗೆ ಇಳಿದು, ಪೈಪಿನ ಬಾಯಿಗೆ ಬಟ್ಟೆ ತುರುಕಿ, ಮೋಟಾರ್ ಆರಿಸಲು ಅಪ್ಪನಿಗೆ ಕೈಸನ್ನೆ ಮಾಡಿದಳು. ಮಗ ಮೋಟಾರ್ ಆರಿಸಿ ಬಂದು ಯಜಮಾನರಿಗೆ ಕೈ ಮುಗಿದ. "ನಾಳೆ ಬೇರೆ ಆಪರೇಟರ್ ಬತ್ತಾನೆ, ಗೌಡ್ರೆ. ಪೈಪು ನಾನೇ ಹಾಕಿಸ್ಕೊಡ್ತೀನಿ" ಅಂದ. ಅವಳ ಎದುರಿಗೇ ಅಂದ.

ಮನೆಗೆ ಬಂದ ಮೇಲೆ ಸಂಜೆ ಅಂಗಳದ ಕಟ್ಟೆಯ ಮೇಲೆ ಕೂತಿದ್ದಳು. ಕಾಫಿ ಲೋಟ ಪಕ್ಕದಲ್ಲಿ ಆರುತ್ತಿತ್ತು. ಅವಳ ಅಪ್ಪ ಬಾಗಿಲಿಗೆ ಒರಗಿ ನಿಂತಿದ್ದ. ಎರಡು ಕೈಯನ್ನೂ ಮುಂದೆ ಚಾಚಿ, ಇಲ್ಲದ ಲಿವರುಗಳನ್ನು ಹಿಡಿದ ಹಾಗೆ ಹಿಂದಕ್ಕೆ ಮುಂದಕ್ಕೆ ಆಡಿಸುತ್ತಿದ್ದಳು. ಮತ್ತೆ, ಮತ್ತೆ.

"ಏನವ್ವಾ ಅದು, ಗಾಳಿಲಿ ಮಜ್ಜಿಗೆ ಕಡಿತಿದ್ದೀಯಾ?" ಅಂದಳು ನನ್ನ ಹೆಂಡತಿ, ನಗಿಸುವುದಕ್ಕೆ.

"ನನ್ ಕೈ ನಿಧಾನ ಕಣಜ್ಜಿ" ಅಂದಳು. "ಹಿತ್ಲಲ್ಲಿ ಮಾಡೋವಾಗ ಗೊತ್ತಾಗ್ಲಿಲ್ಲ. ಜನದ ಮುಂದೆ ನಂಗೆ ಆಗಾಕಿಲ್ಲ ಅನ್ನಿಸ್ತದೆ. ನಾನು ಎಳಿಯೋದೇ ಸರಿಯಿಲ್ಲ."

ಆಮೇಲೆ ನನ್ನ ಕಡೆ ತಿರುಗಿ, ನಿಜವಾಗಿ ಕೇಳುವವರ ಹಾಗಲ್ಲ, ಕೊನೆಯ ಸಲ ಬಾಗಿಲು ತಟ್ಟುವವರ ಹಾಗೆ ಕೇಳಿದಳು, "ಎಣ್ಣೆ ನಲವತ್ತಾರೇ ತಾನೆ ತಾತ?"

ನಾನು "ಹೂಂ" ಅಂದೆ.

ಮೊದಲನೆಯ ಸಲ ಹೇಳಿದ್ದು ಅವಳ ಕಾಲು ಉಳಿಯಲಿ ಅಂತ. ಎರಡನೆಯ ಸಲ ಹೇಳಿದ್ದು ನನ್ನ ಮುಖ ಉಳಿಯಲಿ ಅಂತ. ಅಷ್ಟು ಹೊತ್ತೂ ಆ ಕೂಸು ತನ್ನ ಕೈಗಳನ್ನು ಅನುಮಾನದಿಂದ ನೋಡಿಕೊಳ್ಳುತ್ತಿತ್ತು. ಅವು ಗರಿ ಮುರಿಯದೆ ಎತ್ತಿದ ಕೈ. ನಾನೇ ಚಪ್ಪಾಳೆ ತಟ್ಟಿದ ಕೈ.

ನನ್ನ ಹೆಂಡತಿ ಮುದ್ದೆ ಬಡಿಸುವಾಗ ನನ್ನನ್ನೇ ನೋಡಿ, "ನಿಮ್ಗೇನಾಯ್ತು? ಮುದ್ದೆ ಮುರಿಯಾಕೂ ಆಪರೇಟರ್ ಬೇಕಾ?" ಅಂದಳು. ನಾನು ತಟ್ಟೆ ಸರಿಸಿ ಎದ್ದೆ.

ಮಾರನೆಯ ಬೆಳಿಗ್ಗೆ ಮಗ ಬಿಡದಿಯ ಆಪರೇಟರನ್ನು ಬೈಕಿನ ಹಿಂದೆ ಕೂರಿಸಿಕೊಂಡು ನೇರ ತೋಟಕ್ಕೆ ಬಂದ. ನಡುವಯಸ್ಸಿನ ಗಟ್ಟಿ ಆಳು, ಕೈಯಲ್ಲಿ ತಟ್ಟೆ ಇಡ್ಲಿಯ ಪೊಟ್ಟಣ. ಮೊಮ್ಮಗಳು ನನ್ನ ಜೊತೆ ಬಸ್ಸಿನಲ್ಲಿ ಬಂದಿದ್ದಳು. ಬರಬೇಡ ಅಂದರೂ ಬಂದಳು. "ಕೀಲಿ ನಾನೇ ಕೊಡ್ತೀನಿ" ಅಂದಿದ್ದಳು. ಯಜಮಾನರು ಅದೇ ಟವೆಲ್ಲಿನಲ್ಲಿ ನಿಂತಿದ್ದರು. ಅವಳು ಜೇಬಿನಿಂದ ಕೀಲಿ ತೆಗೆದು ಆ ಆಪರೇಟರನ ಅಂಗೈಗೆ ಇಟ್ಟಳು. "ಅಣ್ಣಾ, ಲಿವರ್ ಒಸಿ ತಡವಾಗಿ ಹಿಡಿತದೆ, ನೋಡ್ಕೊಳಿ" ಅಂದಳು. ಆಗಲೂ ಅವಳಿಗೆ ಮಿಷಿನ್ನಿನದೇ ಚಿಂತೆ.

ಅವನು ಮೆಟ್ಟಿಲಿಗೆ ಕಾಲಿಟ್ಟ. ನನ್ನ ಬಾಯಿಂದ ಅದು ಹೇಗೆ ಬಂತೋ, "ಹತ್ತಬ್ಯಾಡ!" ಅಂತ ಕೂಗಿದೆ.

ಎಲ್ಲರೂ ತಿರುಗಿದರು. "ಏನಪ್ಪ?" ಅಂದ ಮಗ.

"ಅದ್ರಲ್ಲಿ ನಲವತ್ತಾರು ಇಲ್ಲ. ನೂರು ಐತೆ."

"ಏನು ನೂರು?"

"ಎಣ್ಣೆ. ನೂರರ ಎಣ್ಣೆ ಹಾಕ್ಬುಟ್ಟಿವ್ನಿ ನಾನು. ಇವ್ಳು ನಲವತ್ತಾರು ಅಂದಿದ್ಲು. ನಾನು ಬೆರ್ಳಲ್ಲಿ ಎಳೆದು ನೋಡ್ದೆ, ಎಳೆ ಬರ್ಲಿಲ್ಲ. ಬೂಮು ಇಳ್ಕೊಂಡು ಇವ್ಳ ಮೇಲೆ ಬಿದ್ದಾತು ಅಂತ ಮಂದದ್ದೇ ತಂದು ಸುರ್ದೆ. ತಪ್ಪು ಇವ್ಳ ಕೈದಲ್ಲ, ನನ್ ಕೈದು."

ನನ್ನ ಮಗ ಬಂದು ನನ್ನ ಎದುರಿಗೆ ನಿಂತ. ಅವನು ನನ್ನ ಮೇಲೆ ಕೂಗಾಡಿದವನೇ ಅಲ್ಲ, ಚಿಕ್ಕಂದಿನಿಂದಲೂ. "ನಿನ್ನೆ ಸಂಜೆ ಕೇಳಿದ್ಲಲ್ಲಪ್ಪಾ ಅವ್ಳು! ಕಣ್ಣಾಗೆ ಕಣ್ಣಿಟ್ಟು ಕೇಳಿದ್ಲು! ಹೂಂ ಅಂದ್ಯಲ್ಲ ನೀನು!" ಅಂದ. ಸೊಂಟ ಹಿಡಿದುಕೊಂಡು ಅಲ್ಲೇ ಬದುವಿನ ಮೇಲೆ ಕೂತುಬಿಟ್ಟ. ಹೌದು, ಹೂಂ ಅಂದಿದ್ದೆ.

ಬಿಡದಿಯವನು ಟ್ಯಾಂಕಿನ ಮುಚ್ಚಳ ತಿರುಗಿಸಿ, ಒಂದು ಕಡ್ಡಿ ಅದ್ದಿ ಎತ್ತಿದ. ಎಣ್ಣೆ ಬೆಲ್ಲದ ಪಾಕದ ಹಾಗೆ ಜೋತಾಡಿತು. "ಅಯ್ಯೋ ಶಿವನೆ!" ಅಂದ. "ಈ ಚಳೀಲಿ ಇದ್ರಲ್ಲಿ ನಾನೂ ಪೈಪೇ ಹೊಡಿತಿದ್ದೆ ಕಣಮ್ಮ. ಮೂರು ದಿನ ನೀನು ಬರೀ ಒಂದು ಪೈಪು ಹೊಡ್ದಿದ್ದೀಯ ಅಂದ್ರೆ ದೊಡ್ಡದೇ." ಕೀಲಿಯನ್ನು ವಾಪಸ್ ಅವಳ ಕೈಗೆ ಕೊಟ್ಟು, ನನ್ನ ಕಡೆ ನೋಡಿ, "ಯಜಮಾನ್ರೆ, ನಿಮ್ ಪ್ರೀತಿ ಭಾರಿ ಮಂದ ಆಗೋಯ್ತು" ಅಂತ ನಕ್ಕ. ಯಾರೂ ನಗಲಿಲ್ಲ. ಅವನು ಬದುವಿನ ಮೇಲೆ ಕೂತು ಇಡ್ಲಿ ಪೊಟ್ಟಣ ಬಿಚ್ಚಿದ.

ನಾನು ಮೊಮ್ಮಗಳ ಕಡೆ ನೋಡಿದೆ. ಬೈಯಲಿ ಅಂತ ಕಾಯುತ್ತಿದ್ದೆ. ಅವಳು ತನ್ನ ಎರಡು ಅಂಗೈಗಳನ್ನೂ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಆಮೇಲೆ ನನಗಲ್ಲ, ಅಪ್ಪನಿಗೆ ಹೇಳಿದಳು, "ಇವತ್ತು ಸ್ಟಾರ್ಟ್ ಮಾಡೋದ್ ಬ್ಯಾಡ. ಇನ್ನೊಂದು ಸಲ ಮಾಡಿದ್ರೆ ಪಂಪು ಹೋಯ್ತದೆ. ಮೊದ್ಲು ಇದೆಲ್ಲ ಇಳಿಸ್ಬೇಕು."

ಇಳಿಸುವುದು ಸುಲಭವಿರಲಿಲ್ಲ. ಅಡಿಯ ಬಿರಡೆ ತೆಗೆದರೆ ಎಣ್ಣೆ ಬರುವುದೇ ಇಲ್ಲ, ಒಂದೊಂದು ಬೊಟ್ಟು ಯೋಚನೆ ಮಾಡಿ ಬೀಳುತ್ತದೆ. ಬಿಸಿಲು ಕಾಯುವವರೆಗೂ ಕಾದೆವು. ಮಗ ರಾಮನಗರಕ್ಕೆ ಹೋಗಿ ನಲವತ್ತಾರು ತಂದ. ಬಂದ ಒಂದೊಂದು ಡಬ್ಬದ ಮೇಲಿನ ಅಂಕಿಯನ್ನೂ ಅವಳು ನನ್ನ ಮುಂದೆಯೇ ಬಾಯಿಬಿಟ್ಟು ಓದಿದಳು. ಚುಚ್ಚಲಿ ಅಂತ ಓದಿದಳೋ, ಅಭ್ಯಾಸಕ್ಕೆ ಓದಿದಳೋ, ನನಗಂತೂ ಚುಚ್ಚಿತು. ಪೈಪುಗಳಲ್ಲಿ ಉಳಿದಿದ್ದ ಹಳೆಯ ಎಣ್ಣೆಯನ್ನೂ ಬಿಡದೆ ಬಸಿದಳು. ಬಿಡದಿಯವನು ಹೋಗುತ್ತೇನೆ ಅಂದವನು ಹೋಗದೆ, ಅಂಗಿಯ ತೋಳು ಮಡಚಿ ಪಂಪು ಬಿಚ್ಚಿ ನೋಡಲು ಕೈಜೋಡಿಸಿದ. ಪಂಪು ಉಳಿದಿತ್ತು.

ಮಧ್ಯಾಹ್ನ ಅವಳು ಎರಡು ಸ್ಟೀಲ್ ಲೋಟದಲ್ಲಿ ಸ್ವಲ್ಪ ಸ್ವಲ್ಪ ಹೊಸ ಎಣ್ಣೆ ತಂದಳು. ಒಂದನ್ನು ಹೊಂಡದೊಳಗಿನ ತಂಪಿನಲ್ಲಿ ಇಟ್ಟಿದ್ದಳಂತೆ, ಇನ್ನೊಂದನ್ನು ಬಿಸಿಲಿಗೆ ಕಾದ ತಗಡಿನ ಮೇಲೆ.

"ಎಳಿ ತಾತ" ಅಂದಳು. ಬೆಳಗಿನಿಂದ ನನ್ನ ಜೊತೆ ಆಡಿದ ಮೊದಲ ಮಾತು.

ತಂಪಿನದನ್ನು ಎಳೆದೆ. ಚಿಕ್ಕ ಎಳೆ ಬಂತು. ಬಿಸಿಯದನ್ನು ಎಳೆದೆ. ಏನೂ ಇಲ್ಲ.

"ಎರಡೂ ಒಂದೇ ಡಬ್ಬದ್ದು" ಅಂದಳು. "ನೀನು ಅಂಗಡೀಲಿ ಎಳೆಯೋವಾಗ ಎಣ್ಣೆ ಒಂಥರಾ ಇರ್ತದೆ, ಬೆಳಗಿನ ಚಳೀಲಿ ಒಂಥರಾ, ಕೆಲ್ಸ ಮಾಡಿ ಕಾದ್ಮೇಲೆ ಇನ್ನೊಂಥರಾ. ಚಳೀಲೂ ಹರೀಬೇಕು, ಕಾದ್ಮೇಲೂ ನೀರಾಗ್ಬಾರ್ದು. ಅದ್ಕೇ ತಾತ ಆ ಅಂಕಿ ಬರ್ಯೋದು. ನಿನ್ ಬೆರಳಿಗೆ ಅಂಗಡಿ ಹೊತ್ತು ಒಂದೇ ಗೊತ್ತಾಗ್ತದೆ."

ನಾನು ನನ್ನ ಬೆರಳು ನೋಡಿಕೊಂಡೆ. ಬೇಸಿನ್ನಿನ ನೀರು ಯಾವಾಗಲೂ ಒಂದೇ ಕುದಿಯಲ್ಲಿ ಇರುತ್ತಿತ್ತು. ಅಲ್ಲಿ ಕಲಿತ ಬೆರಳನ್ನು ನಾನು ಚಳಿಗೂ ಬಿಸಿಲಿಗೂ ಒಂದೇ ಅಂತ ನಂಬಿ ನಲವತ್ತು ವರ್ಷ ತಿರುಗಿದ್ದೆ. ಆಗ ಅವಳಿಗೆ ಕ್ವಾರಿಯ ಮಧ್ಯಾಹ್ನದ ಕಥೆ ಹೇಳಿದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಪಾದ ಹೋದಾಗಲೂ ಮುದ್ದೆಯ ತಟ್ಟೆ ಅವನ ಕೈಯಲ್ಲೇ ಇತ್ತು ಅನ್ನುವುದನ್ನೂ ಹೇಳಿದೆ. ಅವಳು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಪೂರ್ತಿ ಕೇಳಿದಳು.

"ಇದ್ನ ಮೊದ್ಲೇ ಹೇಳ್ಬಾರ್ದಿತ್ತಾ ತಾತ? ಎಣ್ಣೆ ತಡೆಯೋ ರಬ್ಬರ್ ಸೀಲ್ ಸವ್ದಿದ್ರೂ ಬೂಮು ಇಳಿತದೆ, ಬರೀ ಎಣ್ಣೆಯಿಂದಲ್ಲ. ಅದೆಲ್ಲಾ ಆಮೇಲಿನ ಮಾತು. ಬೂಮು ನೆಲಕ್ಕೆ ಮಲಗಿಸ್ದೆ ನಾನು ಸೀಟು ಬಿಟ್ಟು ಇಳಿಯಾಕಿಲ್ಲ, ಯಾರ್ನೂ ಅದ್ರ ಕೆಳಗೆ ಬಿಡಾಕಿಲ್ಲ. ಅಪ್ಪ ಕಲಿಸಿದ್ದು ಮೊದಲ್ನೇ ಪಾಠನೇ ಅದು." ಎದ್ದು ಪ್ಯಾಂಟಿಗೆ ಅಂಟಿದ ಮಣ್ಣು ಕೊಡವಿದಳು. ಆಮೇಲೆ ಮೆಲ್ಲಗೆ, "ನೀನಿವತ್ತು ಹೇಳ್ದೆ ಇದ್ದಿದ್ರೆ ನನ್ ಕೈಯೇ ಸರಿಯಿಲ್ಲ ಅಂತ ಸಾಯೋಗಂಟ ಅನ್ಕೊಂಡಿರ್ತಿದ್ದೆ ತಾತ" ಅಂದಳು.

ಮಾರನೆಯ ಬೆಳಿಗ್ಗೆ ಅದೇ ಚಳಿ, ಅದೇ ಇಬ್ಬನಿ. ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟಳು, ಎಣ್ಣೆಗೆ ಒಂದಿಷ್ಟು ಬಿಸಿ ಹತ್ತಲಿ ಅಂತ. ಪಂಪು ಕಿರುಚಲಿಲ್ಲ. ಲಿವರ್ ಮುಟ್ಟಿದಳು, ತೋಳು ಎದ್ದಿತು. ಅಷ್ಟೇ. ಹಿಡಿದಷ್ಟು ಎದ್ದಿತು, ಬಿಟ್ಟಲ್ಲಿ ನಿಂತಿತು. ಮಗ ಪೈಪು ಜೋಡಿಸುತ್ತಿದ್ದವನು ತಲೆ ಎತ್ತಿ ನೋಡಿದ. ಯಜಮಾನರು ಕಟ್ಟಿದ ಕೈ ಬಿಚ್ಚಿದರು. ಕುಸಿದ ಅಂಚನ್ನು ಅವಳು ಮಧ್ಯಾಹ್ನದೊಳಗೆ ಗೋಡೆಗೆ ಗಾರೆ ಹಾಕಿದ ಹಾಗೆ ಇಳಿಜಾರಾಗಿ ತಿದ್ದಿದಳು. ನಾನು ಬದುವಿನ ಮೇಲಿದ್ದೆ. ಚಪ್ಪಾಳೆ ತಟ್ಟಬೇಕು ಅನ್ನಿಸಿತು. ತಟ್ಟುವ ಮುಖ ಇರಲಿಲ್ಲ.

ಹೊಂಡ ಮುಗಿಯುವವರೆಗೂ ಅವಳು ನನ್ನ ಜೊತೆ ಎಷ್ಟು ಬೇಕೋ ಅಷ್ಟೇ ಮಾತಾಡಿದಳು. ಎಣ್ಣೆ, ಗ್ರೀಸು ಎಲ್ಲ ತಾನೇ ನೋಡಿಕೊಂಡಳು. ನಾನು ಡಬ್ಬದ ಹತ್ತಿರ ಹೋದರೆ, "ತಾತ, ನೀನು ಕೂತ್ಕೋ" ಅನ್ನುತ್ತಿದ್ದಳು. ಹೇಳುವ ಧ್ವನಿ ಮೆತ್ತಗೇ ಇರುತ್ತಿತ್ತು, ಆದರೆ ಕೂರಲೇಬೇಕಿತ್ತು. ಕೂರುತ್ತಿದ್ದೆ. ಈಗಲೂ ಹಾಗೇ ನಡೆದುಕೊಂಡು ಬಂದಿದೆ. ರೇಷ್ಮೆ ಕೈಯವನಿಗೆ ಈಗ ಮನೆಯಲ್ಲಿ ಹೂವು ಕಟ್ಟುವ ಕೆಲಸ ಅಂತ ನನ್ನ ಹೆಂಡತಿ ಬಂದವರಿಗೆಲ್ಲ ಹೇಳಿ ನಗುತ್ತಾಳೆ.

ಕೊನೆಯ ದಿನ ಯಜಮಾನರು ಹೊಂಡದ ಸುತ್ತ ಒಂದು ಸುತ್ತು ಬಂದರು. ಅಂಚಿನ ಮೇಲೆ ಕಾಲಿಟ್ಟು ಒತ್ತಿ ನೋಡಿದರು. ಒಳ್ಳೆಯ ಮಾತು ಒಂದೂ ಆಡಲಿಲ್ಲ. ಮಗನ ಹತ್ತಿರ ಬಂದು ಫೋನ್ ತೆಗೆದು, "ನನ್ ಭಾಮೈದನ್ ತೋಟದಲ್ಲೂ ಒಂದು ಹೊಂಡ ಐತೆ. ನಂಬರ್ ಹೇಳಪ್ಪ" ಅಂದರು.

ಮಗ ತನ್ನ ನಂಬರ್ ಹೇಳಲಿಲ್ಲ, ಮಗಳ ನಂಬರ್ ಹೇಳಿದ. ಯಜಮಾನರು ಕನ್ನಡಕ ಮೇಲೇರಿಸಿ ಒಂದೊಂದೇ ಅಂಕಿ ಒತ್ತಿದರು. "ಏನಂತ ಬರ್ಕೊಳ್ಲಿ? ನಿನ್ ಮಗಳು ಅಂತ್ಲಾ?"

"ಆಪರೇಟರ್ ಅಂತ ಬರ್ಕೊಳಿ ಗೌಡ್ರೆ" ಅಂದ ನನ್ನ ಮಗ.

ನಾನು ಆ ಜನರ ಮುಂದೆಯೇ ಹೋ ಅಂತ ಅತ್ತುಬಿಟ್ಟೆ. ತಡೆಯಲಾಗಲಿಲ್ಲ. ಅವಳು ಮಿಷಿನ್ನಿನ ಪಟ್ಟಿಯಿಂದ ಮಣ್ಣು ಕೆರೆಯುತ್ತಿದ್ದವಳು ಸಲಿಕೆ ಕೆಳಗಿಟ್ಟು ಓಡಿಬಂದು, ತನ್ನ ಜಾಕೆಟ್ಟಿನ ಒಳಗಡೆಯಿಂದ, ಎಣ್ಣೆ ತಾಗದ ಕಡೆ ಹುಡುಕಿ, ನನ್ನ ಕಣ್ಣು ಒರೆಸಿದಳು. "ಸುಮ್ಕಿರು ತಾತ, ಭಾಮೈದನ್ ಹೊಂಡಕ್ಕೂ ಬತ್ತೀಯಂತೆ" ಅಂದಳು.